ಗಾಜಿನ ಪೆಟ್ಟಿಗೆಯಲ್ಲಿ ಮುದುಕವ್ವ

ಮೈಲಾರಪ್ಪ ಸೈಕಲ್ಲಿನ ಹಿಂದೆ ಕ್ಯಾಮರಾದ ಮೂರು ಕಾಲಿನ ಸ್ಟ್ಯಾಂಡು ಕಟ್ಟಿಕೊಂಡು ಹೊರಟನೆಂದರೆ ಗಜೇಂದ್ರಗಡದ ಓಣಿಯ ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದರು.

'ಯಾರು ಹೋದ್ರೋ ಯಪ್ಪಾ?'

ಅವನು ಹೆಸರು ಹೇಳುತ್ತಿದ್ದ. ಅವರು ಲೊಚಗುಟ್ಟಿ, ಸೈಕಲ್ಲು ತಮ್ಮ ಮನೆ ದಾಟಿತೆಂದು ಖಾತ್ರಿ ಮಾಡಿಕೊಂಡು ಒಳಗೆ ಹೋಗುತ್ತಿದ್ದರು.

ಒಮ್ಮೆ ಆ ಸೈಕಲ್ಲಿನ ಚೈನು ಕಳಚಿದ್ದು ಅಜ್ಜಪ್ಪನ ಮನೆಯ ಮುಂದೆ. ಅಜ್ಜಪ್ಪ ಹದಿನೈದು ದಿನದಿಂದ ಜ್ವರ ಬಂದು ಮಲಗಿದ್ದ, ಗಂಜಿಯೂ ಇಳಿಯುತ್ತಿರಲಿಲ್ಲ. ಕಿಟಕಿಯಿಂದ ಮೈಲಾರಪ್ಪನನ್ನು ಕಂಡವನೇ ಎದ್ದು, ಗೋಡೆ ಹಿಡಿದು ಹೊರಗೆ ಬಂದ. 'ನಾ ಇನ್ನೂ ಅದೀನಿ ನೋಡು. ಮುಂದಕ ಹೋಗು' ಎಂದ. ಅವತ್ತೇ ಎರಡು ರೊಟ್ಟಿ ತಿಂದನಂತೆ. ದವಾಖಾನೆಯ ಔಷಧಕ್ಕೆ ಆಗದ್ದು ಮೈಲಾರಪ್ಪನ ಚೈನಿಗೆ ಆಯಿತೆಂದು ಊರು ಆಡಿಕೊಂಡಿತು.

ಇಂಥ ಹೆಸರು ಗಳಿಸಲೆಂದು ಅವನು ಹುಬ್ಬಳ್ಳಿಯಲ್ಲಿ ಆರು ವರ್ಷ ಫೋಟೋ ಕೆಲಸ ಕಲಿತಿರಲಿಲ್ಲ. ಅವನ ಊರು ನರಗುಂದ. ಆದರೂ ಐವತ್ತನಾಲ್ಕನೇ ಇಸವಿಯ ದೀಪಾವಳಿ ಪಾಡ್ಯಕ್ಕೆ ಅವನು ಅಂಗಡಿ ತೆರೆದದ್ದು ಗಜೇಂದ್ರಗಡದಲ್ಲಿ. ಇದು ನೇಕಾರರ ಊರು. ಸುತ್ತಲಿನ ಹಳ್ಳಿಯವರು ಮದುವೆಯ ಸೀರೆಗೆ ಇಲ್ಲಿಗೇ ಬರುತ್ತಾರೆ. ಸೀರೆ ಕೊಂಡವರು ಅದನ್ನುಟ್ಟು ಒಂದು ಫೋಟೋ ತೆಗೆಸಿಕೊಳ್ಳದೆ ಹೋಗುತ್ತಾರೆಯೇ ಎಂದು ಅವನು ಯೋಚಿಸಿದ್ದ. ದರ್ಜಿ ಬಾಷಾಸಾಬನ ಅಂಗಡಿಯ ಮೇಲಿನ ಅಟ್ಟ ಬಾಡಿಗೆಗೆ ಹಿಡಿದ. ಮಾಡಿನ ತಗಡು ಕಿತ್ತು, ಬೆಳಕು ಬೀಳುವಂತೆ ಗಾಜು ಕೂಡಿಸಿದ. ಹಿಂದೆ ಒಂದು ಪರದೆ: ಅದರಲ್ಲಿ ಅರಮನೆ, ಕೊಳ, ಕೊಳದಲ್ಲಿ ಎರಡು ಹಂಸ. ಕೆಳಗೆ ಮೆಟ್ಟಿಲ ಪಕ್ಕ, ದಾರಿಯವರಿಗೆ ಕಾಣುವಂತೆ ಒಂದು ಗಾಜಿನ ಪೆಟ್ಟಿಗೆ. ಅದರಲ್ಲಿ ಚೆಂದದ ಫೋಟೋಗಳನ್ನು ತೂಗುಹಾಕಬೇಕು. ಜನ ನೋಡಬೇಕು, ಮೆಟ್ಟಿಲು ಹತ್ತಬೇಕು.

ಯಾರೂ ಹತ್ತಲಿಲ್ಲ. ಈ ಕಡೆಯ ಮನೆಗಳ ಗೋಡೆಯ ಮೇಲೆ ಇರುವುದು ದೇವರ ಪಟ, ಇಲ್ಲವೇ ತೀರಿಕೊಂಡವರ ಪಟ. ಫೋಟೋ ಅಂದರೆ ಹಾರ, ಹಾರ ಅಂದರೆ ಊದಿನಕಡ್ಡಿ. ಬದುಕಿದ್ದವರು ಫೋಟೋಕ್ಕೆ ಕೂಡುವುದೆಂದರೆ ಕರೆಯದೆ ಯಮನಿಗೆ ಮಣೆ ಹಾಕಿದಂತೆ. ಅವನನ್ನು ಕರೆದವರೆಲ್ಲ ಸತ್ತವರ ಮನೆಯವರು. ಹೋದವರನ್ನು ಮಲಗಿಸದೆ, ವಿಭೂತಿ ಹಚ್ಚಿ, ಹೊಸ ಬಟ್ಟೆ ಹೊದಿಸಿ, ಗೋಡೆಗೆ ಒರಗಿಸಿ ಕೂಡಿಸುವ ಪದ್ಧತಿ ಇದ್ದುದರಿಂದ ಕೆಲಸಕ್ಕೆ ಅನುಕೂಲವೇ ಆಗಿತ್ತು. ಮೊದಲ ದಿನ ಮಾತ್ರ, ಕಲಿತ ರೂಢಿಯಂತೆ, ಕ್ಯಾಮರಾದ ಕರಿಬಟ್ಟೆಯೊಳಗಿಂದ 'ಅಲ್ಲಾಡಬ್ಯಾಡ್ರಿ' ಎಂದುಬಿಟ್ಟ. ಅಳುತ್ತಿದ್ದವರು ಅಳು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿದರು. 'ಇಲ್ಲ ತಮ್ಮಾ, ಅಲ್ಲಾಡಂಗಿಲ್ಲ' ಎಂದು ಹಿರಿಯರೊಬ್ಬರು ಭರವಸೆ ಕೊಟ್ಟರು.

ಮುಚ್ಚಿದ ಕಣ್ಣು ಗೋಡೆಯ ಮೇಲೆ ಚೆಂದ ಕಾಣುವುದಿಲ್ಲ. ಅದಕ್ಕೆ ಅವನು ಫೋಟೋದ ಮೇಲೆ ಸಣ್ಣ ಕುಂಚದಿಂದ ಕಣ್ಣು ಬರೆದು ತೆರೆಸುತ್ತಿದ್ದ. ಆ ಕೆಲಸದಲ್ಲಿ ಹುಬ್ಬಳ್ಳಿಯಲ್ಲೂ ಅವನ ಸಮ ಇರಲಿಲ್ಲ. ಆದರೆ ಆ ಫೋಟೋಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಹಾಕುವಂತಿರಲಿಲ್ಲ. ಪೆಟ್ಟಿಗೆಯಲ್ಲಿ ಜೇಡ ಸೇರಿತು.

ಈ ಸುದ್ದಿ ರೋಣಕ್ಕೆ ಮುಟ್ಟಿತು. ಅಲ್ಲಿನ ಕಾಳಿನ ವ್ಯಾಪಾರಿ ಅಂದಾನಪ್ಪನ ಮಗಳು ರೇಣುಕವ್ವನ ಜೊತೆ ಮೈಲಾರಪ್ಪನ ಮದುವೆಯ ಮಾತು ಹಿಂದೆಯೇ ಆಗಿತ್ತು. ಹೆಣ್ಣು ನೋಡಲು ಹೋದ ದಿನ ಅವನು ಕಂಡದ್ದು ಅವಲಕ್ಕಿಯ ತಾಟು ಹಿಡಿದ ಎರಡು ಕೈ, ನಾಲ್ಕು ಹಸಿರು ಬಳೆ. ತಲೆ ಎತ್ತುವಷ್ಟರಲ್ಲಿ ಅವಳು ಒಳಗೆ ಹೋಗಿದ್ದಳು. ಆ ಎರಡು ಕೈಗಳನ್ನೇ ನೆನೆಯುತ್ತ ಅವನು ಒಂದು ವರ್ಷ ಕಳೆದಿದ್ದ.

ಅಂದಾನಪ್ಪ ಬಂದು ಅಟ್ಟದ ಬಾಗಿಲಲ್ಲೇ ನಿಂತ.

'ಬಸ್ ಸ್ಟ್ಯಾಂಡಿನ್ಯಾಗ ಮೈಲಾರಪ್ಪನ ಅಂಗಡಿ ಎಲ್ಲೈತಿ ಅಂತ ಕೇಳಿದ್ನಿ. ಯಾರಿಗೂ ಗೊತ್ತಿಲ್ಲ. ಹೆಣದ ಫೋಟೋದವ ಅಂದ ಕೂಡ್ಲೆ ನಾಕ ಮಂದಿ ದಾರಿ ತೋರ್ಸಿದ್ರು.'

'ಅದೂ ಒಂದು ಉದ್ಯೋಗಲ್ರಿ ಮಾವಾರ.'

'ಉದ್ಯೋಗ ಖರೇ. ನಾಳೆ ನನ್ನ ಮಗಳು ಕೊಡ ತಗೊಂಡು ನೀರಿಗೆ ಹೋದ್ರ ಏನಂತ ಕರೀತಾರ ಹೇಳು. ಯುಗಾದಿ ತನಕ ನೋಡ್ತೀನಿ. ಕೆಳಗಿನ ಗಾಜಿನ ಪೆಟಗ್ಯಾಗ ಒಬ್ಬರರೆ ಜೀವ ಇದ್ದವರು ಕಣ್ಣು ತಕ್ಕೊಂಡು ಕುಂತಿರಬೇಕು. ಇಲ್ಲಂದ್ರ ಗದಗಿನ ಕಡೆ ಒಂದು ವರ ಐತಿ, ಸಾಲಿ ಮಾಸ್ತರ.'

'ನನ್ನ ಫೋಟೋನ ಹಾಕ್ಲೇನ್ರಿ?'

'ನಿಂದು ನಡಿಯಂಗಿಲ್ಲ. ತನ್ನ ಪಾದಾ ತಾನ ತೊಳಕೊಂಡ್ರ ಪುಣ್ಯ ಬರ್ತೈತೇನು?'

'ಹಂಗಾರ ನೀವ ಕುಂದರ್ರಿ' ಎಂದು ಮೈಲಾರಪ್ಪ ಹಂಸಗಳ ಮುಂದಿನ ಕುರ್ಚಿ ತೋರಿಸಿದ.

ಅಂದಾನಪ್ಪ ಮೆಟ್ಟಿಲು ಇಳಿದ ರಭಸಕ್ಕೆ ಕೆಳಗೆ ಬಾಷಾಸಾಬನ ಸೂಜಿ ಮುರಿಯಿತು.

ಮೈಲಾರಪ್ಪ ಬಾಷಾಸಾಬನನ್ನೂ ಕೇಳಿ ನೋಡಿದ. 'ನನಗ ಇನ್ನೂ ಮೂರು ಹೆಣ್ಣುಮಕ್ಕಳ ಮದವಿ ಮಾಡೂದೈತೋ. ಅದು ಮುಗೀಲಿ, ಆಮ್ಯಾಲೆ ಹ್ಯಾಂಗ ಬೇಕಾದ್ರೂ ಹೊಡಿ' ಎಂದ ಬಾಷಾಸಾಬ. ಎಲೆ ಅಂಗಡಿಯವನು ತಾಯಿಯನ್ನು ಕೇಳಿ ಹೇಳುತ್ತೇನೆಂದ. ಅವನಿಗೆ ಐವತ್ತು ದಾಟಿತ್ತು.

ಸಂಕ್ರಮಣದ ಹೊತ್ತಿಗೆ ಪುರ್ತಗೇರಿಯ ದ್ಯಾಮಪ್ಪ ತೀರಿಕೊಂಡ. ಅವನು ಅಂದಾನಪ್ಪನ ಅಕ್ಕ ಮುದುಕವ್ವನ ಗಂಡ. ಮುಂದಿನ ಬೀಗರ ಮನೆಯ ಕೆಲಸವೆಂದು ಮೈಲಾರಪ್ಪ ಎರಡು ದಿನ ಕೂತು ಕಣ್ಣು ಬರೆದ. ಅಗಲವಾದ, ನೇರ ನೋಟದ, ಕಂಡವರು ಎದ್ದು ನಿಲ್ಲಬೇಕು ಅಂಥ ಎರಡು ಕಣ್ಣು. ದ್ಯಾಮಪ್ಪನನ್ನು ಬದುಕಿದ್ದಾಗ ಅವನು ನೋಡಿರಲಿಲ್ಲ.

ಶಿವರಾತ್ರಿ ಕಳೆಯಿತು. ಯುಗಾದಿಗೆ ಹದಿನೈದು ದಿನ ಇತ್ತು. ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಕೇಳಿ ಮೈಲಾರಪ್ಪ ಎದ್ದು ನಿಂತ. ಸೆರಗಿನಲ್ಲಿ ಸುತ್ತಿದ ಪಟವೊಂದನ್ನು ಎತ್ತಿಕೊಂಡು ಮುದುಕವ್ವ ಬಂದಳು. ಪಟವನ್ನು ಬೋರಲು ಇಟ್ಟಳು.

'ಇದನ್ನ ತಿರಿಗಿ ತಗೋ ತಮ್ಮಾ.'

'ಯಾಕ್ರೀ ಆಯಿ, ಚಲೋ ಬಂದಿಲ್ಲೇನ್ರಿ?'

'ಭಾಳ ಚಲೋ ಬಂದೈತಿ. ಅದ ತ್ರಾಸು. ನೋಡಾಕ ಹತ್ಯಾರ.'

'ಯಾರ್ರಿ?'

'ಮತ್ಯಾರು, ನಮ್ಮ ಮನಿಯವರು.' ಮುದುಕವ್ವ ನೆಲದ ಮೇಲೆ ಕೂತಳು. 'ಅವರದು ಮೆಳ್ಳಗಣ್ಣು. ಒಂದು ನನ್ನ ಕಡೆ ಇದ್ರ ಒಂದು ಹಿತ್ತಲದಾಗಿನ ಎಮ್ಮಿ ಕಡೆ. ನಲವತ್ತು ವರ್ಷ ಬಾಳೇವು ಮಾಡೀನಿ, ನನ್ನ ಬೈಯಾಕ ಹತ್ಯಾರೋ ಎಮ್ಮಿನ್ನ ಬೈಯಾಕ ಹತ್ಯಾರೋ ತಿಳೀಲಿಲ್ಲ. ಎಮ್ಮಿನ್ನ ಇರಬೇಕು ಅಂತ ನನ್ನ ಕೆಲಸ ನಾ ಮಾಡ್ತಿದ್ನಿ. ಸುಖದಾಗ ನಡದಿತ್ತು.'

'ಈಗೇನಾತ್ರಿ?'

'ಈಗ ನೆಟ್ಟಗ ನೋಡ್ತಾರ. ಬೆಲ್ಲದ ಡಬ್ಬಿಗೆ ಕೈ ಹಾಕಿದ್ರ ನೋಡ್ತಾರ. ಎರಡನೇ ಸರ್ತಿ ಚಾ ಮಾಡಿದ್ರ ನೋಡ್ತಾರ. ಇದ್ದಾಗ ಇಷ್ಟು ನೋಡಿದ್ರ ನಾ ಬ್ಯಾರೆ ಸೀರಿ ಉಟಗೊಂತಿದ್ನಿ.'

ಇಷ್ಟು ಹೇಳಿ ಅವಳು ಪರದೆಯ ಮೇಲಿನ ಹಂಸಗಳನ್ನು ಸ್ವಲ್ಪ ಹೊತ್ತು ನೋಡಿದಳು.

'ಯಾವ ಕಣ್ಣು ಯಾವ ಕಡೆ ಇತ್ತು ಹೇಳ್ರಿ. ಮತ್ತ ಬರದು ಕೊಡ್ತೀನಿ' ಎಂದ ಮೈಲಾರಪ್ಪ.

'ಎಡದ್ದು ಗುಡ್ಡದ ಕಡೆ. ಅಲ್ಲ, ಅದು ಸಿಟ್ಟು ಬಂದಾಗ. ಸುಮ್ಮನ ಇದ್ದಾಗ...' ಅವಳು ತನ್ನ ಕಣ್ಣುಗಳನ್ನು ಹಾಗೆ ತಿರುಗಿಸಲು ನೋಡಿ ತಲೆ ಸುತ್ತಿ ಬಿಟ್ಟಳು. 'ಮಗಳು ಸಿದ್ದವ್ವಗ ಅವರ ಕಣ್ಣ ಬಂದಾವ. ಯಾವಗಲ್ಲಿಗೆ ಕೊಟ್ಟೀವಿ. ಆದ್ರ ಆಕಿ ಮುಂದ ಕಣ್ಣಿನ ಸುದ್ದಿ ತಗದ್ರ ಮುಗೀತು, ವರ್ಷಾ ತನಕ ತವರಿಗೆ ಬರಂಗಿಲ್ಲ.'

ಅವಳು ಬೋರಲಿಟ್ಟ ಪಟವನ್ನು ಬೆರಳಿನಿಂದ ತಟ್ಟಿದಳು. ಆಮೇಲೆ ಮುದುಕವ್ವ ಕೇಳಿದಳು: 'ನಾಳೆ ನಾ ಸತ್ರ ನನಗೂ ಹಿಂಗ ಯಾರವೋ ಕಣ್ಣು ಹಚ್ಚತೀಯಲ್ಲ?'

'ಪದ್ಧತಿ ಹಂಗೈತ್ರಿ.'

'ಅದು ಬ್ಯಾಡ. ನನ್ನ ಕಣ್ಣು ನಾನ ಕೊಟ್ಟು ಹೋಗ್ತೀನಿ. ಎಲ್ಲಿ ಕುಂದರಲಿ?'

ಮೈಲಾರಪ್ಪ ಕುರ್ಚಿಯನ್ನು ಬೆಳಕಿಗೆ ಎಳೆದ. ಕುರ್ಚಿಯ ಧೂಳು ಎರಡು ಸಲ ಒರೆಸಿದ. ಮುದುಕವ್ವ ಹಂಸಗಳಿಗೆ ಬೆನ್ನು ಮಾಡಿ ಕೂತಳು, ಸೆರಗು ಹೊದ್ದಳು, ಕೈಗಳನ್ನು ಮೊಣಕಾಲ ಮೇಲೆ ಇಟ್ಟಳು.

'ಉಸುರು ಬಿಡಬಹುದೇನು?'

'ಬಿಡ್ರಿ ಆಯಿ. ಕಣ್ಣು ಮಾತ್ರ ಹಂಗ ಇರ್ಲಿ. ಅಲ್ಲಾಡಬ್ಯಾಡ್ರಿ.'

ಅಲ್ಲಾಡಬಲ್ಲವರಿಗೆ ಅವನು ಆ ಊರಲ್ಲಿ ಈ ಮಾತು ಹೇಳಿದ್ದು ಅದೇ ಮೊದಲು. ಕ್ಯಾಮರಾದ ಕಣ್ಣಿನ ಮುಚ್ಚಳ ತೆಗೆದ, ಮೂರು ಎಣಿಸಿದ, ಮುಚ್ಚಿದ.

'ಮುಗೀತೇನು? ಇಷ್ಟಕ್ಕ ಊರು ಅಂಜತೈತೇನು?' ಎಂದಳು ಮುದುಕವ್ವ. ಗಂಡನ ಪಟವನ್ನು ಅಲ್ಲೇ ಬಿಟ್ಟು, ಹಗುರಾಗಿ ಮೆಟ್ಟಿಲಿಳಿದಳು.

ಮರುದಿನ ಬೆಳಗಿನ ಬಿಸಿಲಿನಲ್ಲೇ ಫೋಟೋ ಅಚ್ಚು ಹಾಕಿ, ಜೇಡ ಓಡಿಸಿ, ಅವನು ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ತೂಗುಹಾಕಿದ. ಮುದುಕವ್ವ ಎಲ್ಲರನ್ನೂ ನೇರ ನೋಡುತ್ತಿದ್ದಳು. ರೋಣದ ಬಸ್ಸಿನ ಡ್ರೈವರ್ ಸುಭಾನಸಾಬನನ್ನು ಕರೆದು ತೋರಿಸಿದ.

'ಅಂದಾನಪ್ಪನವರಿಗೆ ಹೇಳ್ರಿ. ನಿಮ್ಮ ಅಕ್ಕ ಪೆಟಗ್ಯಾಗ ಬಂದಾರ, ಲಗೂ ಬಂದು ನೋಡಬೇಕಂತ.'

ಸುಭಾನಸಾಬ ಟೋಪಿ ತೆಗೆದ. 'ಯಾವಾಗ?'

'ನಿನ್ನಿ ಮಧ್ಯಾಹ್ನ.'

'ಭಾಳ ತ್ರಾಸಾತೇನು?'

'ಏನಿಲ್ರಿ. ಮೂರು ಎಣಿಸೂದ್ರಾಗ ಮುಗೀತು.'

'ಪುಣ್ಯವಂತಿ' ಎಂದು ಸುಭಾನಸಾಬ ಬಸ್ಸು ಹತ್ತಿದ.

ಅಂದು ಸಂತೆ. ಪೆಟ್ಟಿಗೆಯ ಮುಂದೆ ಇಡೀ ದಿನ ಜನ ಸೇರಿದರು, ನಿಟ್ಟುಸಿರು ಬಿಟ್ಟರು, ಕೈ ಮುಗಿದು ಹೋದರು. ಮೇಲೆ ಅಟ್ಟದಲ್ಲಿ ಕೂತ ಮೈಲಾರಪ್ಪನಿಗೆ ಗದ್ದಲ ಕೇಳಿ ಖುಷಿಯಾಗಿತ್ತು. ಮಂದಿ ಕಲೆಗೆ ಕೈ ಮುಗಿಯುತ್ತಿದ್ದಾರೆಂದೇ ಅವನು ತಿಳಿದ.

ಮರುದಿನ ಬೆಳಿಗ್ಗೆ ಇಟಗಿಯ ಕಡೆಯ ಗಾಡಿಯೊಂದು ಅಂಗಡಿಯ ಕೆಳಗೆ ನಿಂತಿತು. ಗಾಡಿ ಹೊಡೆಯುವವನು ಕೂಗಿ ಹೇಳಿದ: 'ಫೋಟೋದವರ, ಪುರ್ತಗೇರಿಗೆ ಬರ್ರಿ. ಮುದುಕವ್ವ ಹೋದಳಂತ.'

ಮೈಲಾರಪ್ಪ ಮೆಟ್ಟಿಲ ಮೇಲೆ ಕೂತುಬಿಟ್ಟ. ಮೊದಲು ಅವನ ತಲೆಗೆ ಬಂದದ್ದು ಯುಗಾದಿ, ಆಮೇಲೆ ಮುದುಕವ್ವ. ಆ ಕ್ರಮಕ್ಕೆ ಅವನಿಗೇ ನಾಚಿಕೆಯಾಯಿತು. ಸಿಕ್ಕ ಒಂದೇ ಒಂದು ಜೀವ, ಎರಡು ದಿನವೂ ಬಾಳಲಿಲ್ಲ. ಇನ್ನು ಈ ಊರಲ್ಲಿ ಅವನ ಕ್ಯಾಮರಾದ ಮುಂದೆ ಕುರಿಮರಿಯೂ ನಿಲ್ಲುವುದಿಲ್ಲ.

'ಹೋಗೋ' ಎಂದ ಬಾಷಾಸಾಬ. 'ಮುದುಕಿ ನಿನ್ನ ನಂಬಿ ಬಂದಿದ್ಲು. ಕಡೀಕ ಒಂದು ತಗಿ.'

ಅವನು ಪೆಟ್ಟಿಗೆಯಿಂದ ಅವಳ ಫೋಟೋ ಬಿಚ್ಚಿ ಅಂಗಿಯೊಳಗೆ ಇಟ್ಟುಕೊಂಡ. ಕ್ಯಾಮರಾ ಕಟ್ಟಿದ. ಯಾರು ಹೋದ್ರೋ ಎಂದು ಅವತ್ತು ಓಣಿಯಲ್ಲಿ ಒಬ್ಬರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಪುರ್ತಗೇರಿಯಲ್ಲಿ ಮನೆಯ ಮುಂದೆ ಮೂರು ಗಾಡಿ ನಿಂತಿದ್ದವು. ಕಟ್ಟೆಯ ಮೇಲೆ ಮೊರ ಹಿಡಿದು, ಜೋಳದಲ್ಲಿನ ಕಲ್ಲು ಆರಿಸುತ್ತ ಮುದುಕವ್ವ ಕೂತಿದ್ದಳು. ಮೈಲಾರಪ್ಪ ಸೈಕಲ್ಲು ಬಿಟ್ಟ; ಅದು ತನ್ನಷ್ಟಕ್ಕೆ ಹೋಗಿ ಬೇವಿನ ಮರಕ್ಕೆ ಬಡಿಯಿತು.

'ನೀನೂ ಬಂದೇನು. ನೀನೊಬ್ಬ ಕಮ್ಮಿ ಇದ್ದಿ' ಎಂದಳು ಅವಳು. 'ಮುಂಜಾನಿಂದ ಇದ ಆಗೈತಿ. ಬರ್ತಾರ, ಅಳ್ತಾರ, ಚಾ ಕುಡೀತಾರ. ನಿನ್ನ ಪೆಟಗ್ಯಾಗ ನನ್ನ ನೋಡಿದ್ರಂತ. ಹೆಣ ಬಿಟ್ಟು ಮತ್ತೊಂದು ಫೋಟೋ ನೀ ತಗದದ್ದು ಯಾರು ಕಂಡಾರ?'

ಅಷ್ಟರಲ್ಲಿ ಊರ ಅಗಸಿ ಬಾಗಿಲ ಕಡೆಯಿಂದ ದೊಡ್ಡ ಅಳು ಕೇಳಿತು. ಯಾವಗಲ್ಲಿನಿಂದ ಸಿದ್ದವ್ವ ಬರುತ್ತಿದ್ದಳು. ಯಾರೋ ತಡೆಯಲು ಹೊರಟರು. ಮುದುಕವ್ವ ಕೈ ಎತ್ತಿದಳು.

'ಇರ್ಲಿ ಬಿಡ್ರಿ, ಪೂರ್ತಿ ಹೇಳ್ಲಿ. ಇಷ್ಟ ದಿನದಾಗ ನನಗ ಒಂದೂ ಚಲೋ ಮಾತು ಹೇಳಿಲ್ಲ.'

ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಕೂತಳು.

'ನನ್ನ ಬಂಗಾರದಂಥಾ ಅವ್ವ,' ಎಂದು ಸಿದ್ದವ್ವ ಹಾಡಿ ಅಳುತ್ತ ಬಂದಳು, 'ನನ್ನ ಮ್ಯಾಲೆ ಒಂದಿನ ಸಿಟ್ಟಾಗದ ಅವ್ವ, ನಿನ್ನ ಕೈಯಾನ ಶೇಂಗಾ ಚಟ್ನಿ ಇನ್ನ ಯಾರು ಕುಟ್ಟಿ ಕೊಡ್ತಾರ ನನಗ...'

'ಕುಟ್ಟಿ ಇಟ್ಟೀನಿ. ಹೋಗೂವಾಗ ಒಯ್ಯಿ' ಎಂದಿತು ಸೆರಗು.

ಸಿದ್ದವ್ವ ನಿಂತಳು. ಒಂದು ಕಣ್ಣು ತಾಯಿಯನ್ನೂ ಒಂದು ಕಣ್ಣು ಮೈಲಾರಪ್ಪನನ್ನೂ ನೋಡಿತು. 'ಹಂಗಾರ ದಾರಿಯುದ್ದಕ್ಕೂ ನಾ ಅತ್ತದ್ದು ಏನಾತು?' ಎಂದು ಸಿಟ್ಟಿನಿಂದ ಕೇಳಿ, ತಾಯಿಯ ತೊಡೆಯ ಮೇಲೆ ತಲೆಯಿಟ್ಟು, ಮತ್ತೆ ಅತ್ತಳು. ಈ ಸಲ ಹಾಡಿರಲಿಲ್ಲ.

ಕೊನೆಗೆ ಬಂದವನು ಅಂದಾನಪ್ಪ. ಬಸ್ಸಿಳಿದು ನಡೆದು ಬಂದಿದ್ದ. ಕೈಯಲ್ಲಿ ಸೇವಂತಿಗೆಯ ದೊಡ್ಡ ಹಾರ. ಅಕ್ಕನನ್ನು ನೋಡಿದ, ಹಾರ ನೋಡಿದ, ಮೈಲಾರಪ್ಪನನ್ನು ನೋಡಿದ.

'ಜೀವ ಇದ್ದಾಕಿನ್ನ ಪೆಟಗ್ಯಾಗ ಹಾಕೀಯಲ್ಲೋ.'

'ನೀವ ಹಾಕು ಅಂದಿದ್ರಲ್ರಿ ಮಾವಾರ' ಎಂದ ಮೈಲಾರಪ್ಪ.

ಅಂದಾನಪ್ಪ ಹಾರವನ್ನು ಬೆನ್ನ ಹಿಂದೆ ಸರಿಸಿದ. ಮುದುಕವ್ವ ಮೊರ ಕೆಳಗಿಟ್ಟಳು.

'ನನ್ನ ಮಣ್ಣಿಗೆ ಬರೂ ಮಂದಿ ಎಲ್ಲಾರೂ ಬಂದೀರಿ. ಖರೇನ ಹೋದಾಗ ಇಷ್ಟು ಮಂದಿ ಕೂಡ್ತೀರೋ ಇಲ್ಲೋ. ಕುಂದರ್ರಿ, ಒಂದು ಫೋಟೋ ಆಗ್ಲಿ.'

ಇಡೀ ಗುಂಪು ಎರಡು ಹೆಜ್ಜೆ ಹಿಂದೆ ಸರಿಯಿತು.

'ನಾ ಮೊನ್ನಿ ತಗಸೀನಿ. ಆಮ್ಯಾಲೆ ನೀವೆಲ್ಲಾ ಬಂದು ಅತ್ತೀರಿ. ಇವ ಹಾರ ತಂದಾನ. ಇಷ್ಟಾದ್ರೂ ನಾ ಸತ್ತಿಲ್ಲ. ಮತ್ತೇನು ಸಾಕ್ಷಿ ಬೇಕು?'

 ಒಬ್ಬೊಬ್ಬರೇ ಕಟ್ಟೆಯ ಮೇಲೆ ಕೂತರು. ಹಾರ ಹಿಡಿಯಲು ಯಾರೂ ಒಪ್ಪಲಿಲ್ಲವಾದ್ದರಿಂದ ಅಂದಾನಪ್ಪ ಅದನ್ನು ತಾನೇ ಹಿಡಿದು ಕೊನೆಯಲ್ಲಿ ನಿಂತ.

ಮೈಲಾರಪ್ಪ ಕರಿಬಟ್ಟೆಯೊಳಗೆ ತಲೆ ಹಾಕಿದ. ಕ್ಯಾಮರಾದ ಹಿಂದಿನ ಗಾಜಿನಲ್ಲಿ ಎಲ್ಲ ತಲೆಕೆಳಗಾಗಿ ಕಾಣುತ್ತದೆ. ಮುಂಡಾಸುಗಳೆಲ್ಲ ಕೆಳಗೆ, ಕಾಲುಗಳೆಲ್ಲ ಮೇಲೆ. ನಡುವೆ ಸಿದ್ದವ್ವ. ಅವಳ ಬಲಗಣ್ಣು ಅವನ ಕಡೆ ಇತ್ತು. ಎಡಗಣ್ಣು ಹಿತ್ತಲ ಕಡೆ, ಎಮ್ಮೆ ಕಟ್ಟಿದ ಕಡೆ. ಅವಳ ಕಣ್ಣನ್ನು ಇಷ್ಟು ಹೊತ್ತು ಯಾರೂ ಜಗಳವಿಲ್ಲದೆ ನೋಡಿರಲಿಕ್ಕಿಲ್ಲ. ಅವನು ಪಾಠ ಓದಿದಂತೆ ನೋಡಿಕೊಂಡ. ಆಮೇಲೆ ಮೂರು ಎಣಿಸಿದ.

ನಾಲ್ಕು ದಿನ ಬಿಟ್ಟು ದ್ಯಾಮಪ್ಪನ ಪಟವನ್ನು ಪುರ್ತಗೇರಿಗೆ ಒಯ್ದುಕೊಟ್ಟ. ಮುದುಕವ್ವ ಅದನ್ನು ಹಳೆಯ ಮೊಳೆಗೆ ಹಾಕಿದಳು. ಎಡಕ್ಕೆ ನಡೆದಳು, ಬಲಕ್ಕೆ ನಡೆದಳು. ಬೆಲ್ಲದ ಡಬ್ಬಿಗೆ ಕೈ ಹಾಕಿ ತಿರುಗಿ ನೋಡಿದಳು.

'ಹಾಂ' ಎಂದಳು. 'ಎಮ್ಮಿನ್ನ ನೋಡಾಕ ಹತ್ಯಾರ.'

ಬೆಲ್ಲದ ಒಂದು ತುಂಡು ಬಾಯಿಗೆ ಹಾಕಿಕೊಂಡಳು. ಒಂದು ಅವನ ಕೈಗೆ ಕೊಟ್ಟಳು. ಪಟದ ಕಡೆ ಮತ್ತೊಮ್ಮೆ ನೋಡಿ, ಸೆರಗಿನಿಂದ ಗಾಜು ಒರೆಸಿದಳು.

ಗುಂಪಿನ ಫೋಟೋ ಗಾಜಿನ ಪೆಟ್ಟಿಗೆಗೆ ಬಂತು. ಹದಿನೇಳು ಮಂದಿ. ಹದಿನಾರು ಮಂದಿಯ ಕಣ್ಣು ತೆರೆದಿತ್ತು. ಅಂದಾನಪ್ಪ ಮಾತ್ರ ಮುಚ್ಚಳ ತೆಗೆದ ಕೂಡಲೇ ಹೆದರಿ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಿದ್ದ. ಕೈಯಲ್ಲಿ ಹಾರ ಬೇರೆ. ಸಂತೆಗೆ ಬಂದ ರೋಣದವರು ನೋಡಿ, 'ಪಾಪ, ನಿಂತಲ್ಲೇ ಹೋದ್ರಂತ. ಹಾರಾನೂ ತಾವ ತಂದಿದ್ರಂತ' ಎಂದು ಮಾತಾಡಿಕೊಂಡು ಹೋದರು. ಮೂರು ದಿನದಲ್ಲಿ ಅಂದಾನಪ್ಪನ ಅಂಗಡಿಗೆ ಕಾಳು ಕೊಳ್ಳಲು ಬಂದವರಿಗಿಂತ ಅವನನ್ನು ಮುಟ್ಟಿ ನೋಡಲು ಬಂದವರೇ ಹೆಚ್ಚಾದರು.

ಯುಗಾದಿಗೆ ಎರಡು ದಿನ ಇದ್ದಾಗ ಮೆಟ್ಟಿಲ ಮೇಲೆ ತುಂಬ ಹೆಜ್ಜೆ ಕೇಳಿಸಿತು. ಅಂದಾನಪ್ಪ ಬಂದ, ಹಿಂದೆ ಅವನ ಹೆಂಡತಿ, ಅವಳ ಹಿಂದೆ ತಲೆ ತಗ್ಗಿಸಿ ರೇಣುಕವ್ವ.

'ಆ ಫೋಟೋ ಇಳಸು.'

'ಕಣ್ಣು ಬರದು ತೆರಸ್ತೀನ್ರಿ ಮಾವಾರ.'

'ಬ್ಯಾಡ ಬ್ಯಾಡ. ನಮ್ಮ ಭಾವನ ಕಣ್ಣು ಏನು ಮಾಡಿದ್ದಿ ಕೇಳೀನಿ. ನನ್ನವು ನಾನ ತೆರೀತೀನಿ. ಎಲ್ಲಿ ಕುಂದರಲಿ?'

ಅವನನ್ನು ಕುರ್ಚಿಯ ಮೇಲೆ ಕೂಡಿಸಿದ. ಪಕ್ಕದಲ್ಲಿ ಹೆಂಡತಿ. ಹಿಂದೆ ಕುರ್ಚಿಯ ಬೆನ್ನು ಹಿಡಿದು ರೇಣುಕವ್ವ ನಿಂತಳು, ಎರಡು ಹಂಸಗಳ ನಡುವೆ. ಮದುವೆಗೆ ಮುಂಚೆ ಹೆಣ್ಣನ್ನು ನೆಟ್ಟಗೆ ನೋಡುವುದು ಮರ್ಯಾದೆಯಲ್ಲ. ಮೈಲಾರಪ್ಪ ಮರ್ಯಾದೆಯಿಂದ ಕರಿಬಟ್ಟೆಯೊಳಗೆ ತಲೆ ಹಾಕಿದ.

ಗಾಜಿನಲ್ಲಿ ಮೊದಲು ಸೀರೆಯ ಅಂಚು ಕಂಡಿತು. ಆಮೇಲೆ ಅವನಿಗೆ ಗೊತ್ತಿದ್ದ ಎರಡು ಕೈ, ನಾಲ್ಕು ಹಸಿರು ಬಳೆ. ಅದರ ಕೆಳಗೆ, ತಲೆಕೆಳಗಾಗಿ, ಮುಖ. ಅವಳು ತಲೆ ಎತ್ತಿ ನೇರ ಕ್ಯಾಮರಾದ ಕಣ್ಣನ್ನೇ ನೋಡುತ್ತಿದ್ದಳು. ಒಳಗೆ ಯಾರಿದ್ದಾರೆ, ಏನು ಮಾಡುತ್ತಿದ್ದಾರೆ ಎಂಬುದು ಆ ಕೋಣೆಯಲ್ಲಿ ಅವಳೊಬ್ಬಳಿಗೇ ತಿಳಿದಂತಿತ್ತು. ತುಟಿ ಬಿಗಿ ಹಿಡಿದಿದ್ದಳು. ನಗು ಕೆನ್ನೆಗೆ ಹೋಗಿತ್ತು.

'ಆತೇನೋ?' ಎಂದ ಅಂದಾನಪ್ಪ, ರೆಪ್ಪೆ ಬಡಿಯದೆ.

'ಇನ್ನೂ ಇಲ್ರಿ. ಸ್ವಲ್ಪ ಮಸಕೈತಿ.'

ಮಸುಕೇನೂ ಇರಲಿಲ್ಲ.

'ಲಗೂ ಮಾಡು. ಕಣ್ಣು ಉರಿಯಾಕ ಹತ್ಯಾವ.'

'ಅಲ್ಲಾಡಬ್ಯಾಡ್ರಿ ಮಾವಾರ' ಎಂದಿತು ಕರಿಬಟ್ಟೆ.

ಯುಗಾದಿಯ ದಿನ ಆ ಫೋಟೋ ಗಾಜಿನ ಪೆಟ್ಟಿಗೆಯಲ್ಲಿತ್ತು. ಕಣ್ಣು ಎಷ್ಟು ಸಾಧ್ಯವೋ ಅಷ್ಟು ಅಗಲ ತೆರೆದು ಅಂದಾನಪ್ಪ ಕೂತಿದ್ದ. ಎರಡೂ ಕೆನ್ನೆಯ ಮೇಲೆ ನೀರು ಇಳಿದಿತ್ತು. ಮಗಳನ್ನು ಕೊಡುವ ತಂದೆಯ ಸಂಕಟ ನೋಡಿರಿ ಎಂದು ಹೆಂಗಸರು ಒಬ್ಬರಿಗೊಬ್ಬರು ತೋರಿಸಿದರು. ಇಬ್ಬರು ಮೆಟ್ಟಿಲು ಹತ್ತಿದರು.